ನಿಂತಾಗ ಮಾತ್ರ 'ಫಟ್': ಮಾರ್ಪಡಿಸಿದ ಕಾರಿನ ಬ್ಯಾಕ್‌ಫೈರ್ ಹುಡುಕಿದ ಬಗೆ

ಕಾರವಾರದ ಸುಭಾಷ್ ಸರ್ಕಲ್ಲಿನಲ್ಲಿ ಕಾರು ನಿಂತಿತ್ತು. ಕಾಲು ಎಕ್ಸಲರೇಟರ್ ಮೇಲಿರಲಿಲ್ಲ. ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ಸೈಲೆನ್ಸರ್ ಕಡೆಯಿಂದ 'ಫಟ್' ಎಂದು ಸದ್ದು. ಬ್ಯಾಕ್‌ಫೈರ್ ಅನ್ನುವುದು ಇದಕ್ಕೇ. ಪಕ್ಕದಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಅಜ್ಜಿಯೊಬ್ಬರು ಬೆಚ್ಚಿಬಿದ್ದು ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಸದ್ದಿಲ್ಲ. ಕಾರು ಹೊರಟಿತು, ಆರಾಮಾಗಿ ಓಡಿತು. ಎರಡು ದಿನ ಬಿಟ್ಟು ಅಂಕೋಲಾದ ಬಳಿ ಮತ್ತೆ ಅದೇ ಸದ್ದು.

ಯಾವಾಗಲೂ ಬರುವ ದೋಷ ಹುಡುಕುವುದು ಸುಲಭ. ಬಂದು ಹೋಗುವ ದೋಷ ಹಾಗಲ್ಲ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸುಮ್ಮನಿರುತ್ತದೆ. ಆಗ ಜನ ಒಂದೊಂದೇ ಭಾಗ ಬದಲಿಸುತ್ತಾ ಹೋಗುತ್ತಾರೆ: ಪ್ಲಗ್, ಕಾಯಿಲ್, ಸೆನ್ಸಾರ್, ಕೊನೆಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು. ದುಡ್ಡು ಖಾಲಿಯಾಗುತ್ತದೆ, ಸದ್ದು ಉಳಿಯುತ್ತದೆ. ನಾನು ಹೇಗೆ ಹುಡುಕಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾರು ಬೇರೆ ಇದ್ದರೂ ದಾರಿ ಹೆಚ್ಚುಕಮ್ಮಿ ಇದೇ.

ಕಾರಿನ ವಿಷಯ

2002ರ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್ ಎಂಜಿನ್. ಕರೆಂಟು ಹಂಚುವುದು ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಕೊಡುವುದು ಇಂಜೆಕ್ಟರ್. ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಕಡೆ ಒಯ್ಯುವ ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು ನಾಲ್ಕು ಪೈಪು ಎರಡಾಗಿ, ಎರಡು ಒಂದಾಗುವ ಹೆಡರ್ ಹಾಕಿಸಿದ್ದೆ. ಹೊಗೆಯನ್ನು ಹೆಚ್ಚು ತಡೆಯದ ಫ್ರೀ ಫ್ಲೋ ಸೈಲೆನ್ಸರ್ ಇದೆ. ಡಬ್ಬಿಯ ಏರ್ ಫಿಲ್ಟರ್ ಬದಲು ಕೋನ್ ಫಿಲ್ಟರ್ ಇದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲೇ ಉಳಿಸಿಕೊಂಡಿದ್ದೇನೆ. ಇಸಿಯು ಮೂಲದ್ದೇ. ಇಂಥ ಕೆಲಸಕ್ಕೆ ಕೈ ಹಾಕುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಮ್ಮೆ ಓದಿ. ಕಾರಿನ ಮೂಲ ರೂಪವನ್ನು ಎಷ್ಟು ಬದಲಿಸಬಹುದು ಎಂಬುದಕ್ಕೆ ಮಿತಿ ಇದೆ.

ಗೇರಿನಲ್ಲಿದ್ದಾಗ ಕಾಲು ತೆಗೆದರೆ ಫ್ರೀ ಫ್ಲೋ ಸೈಲೆನ್ಸರ್‌ನಲ್ಲಿ ಸಣ್ಣ ಚಟಪಟ ಕೇಳುವುದುಂಟು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ, ಬರುವ ಸದ್ದು ಬೇರೆ. ಅದನ್ನು ಬಿಡಬಾರದು. ಉರಿಯದೆ ಹೊರಬಂದ ಪೆಟ್ರೋಲು ಕನ್ವರ್ಟರ್ ಒಳಗೆ ಉರಿದರೆ ಅದರ ಜೇನುಗೂಡಿನಂಥ ಒಳಭಾಗ ಕರಗಿಹೋಗಬಹುದು.

ಶಿರಸಿಯಲ್ಲಿ ಕೇಳಿದ ಪ್ರಶ್ನೆ

ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗಿದ್ದಾಗ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ವಿಷಯ ಹೇಳಿದೆ. ಅವರು ಬಾನೆಟ್ ತೆಗೆಯಲೇ ಇಲ್ಲ.

"ತಮಾ, ಸದ್ದು ಬಂದಾಗ ಎಂಜಿನ್ ಅಲುಗ್ತದಾ ಇಲ್ವಾ? ಅದನ್ನು ಮೊದಲು ಹೇಳು."

"ಗಮನಿಸಿಲ್ಲ ಅಣ್ಣ."

"ಹಾಗಾದ್ರೆ ಬಿಚ್ಚೂದು ಎಂತಕೆ? ಹೋಗಿ ನೋಡ್ಕೊಂಡು ಬಾ."

ನಾನು ಕೇಳಿದ ಮಾತುಗಳಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಇದು. ಯಾಕೆ ಅಂತ ಹೇಳುತ್ತೇನೆ. ಪ್ಲಗ್ ಕಿಡಿ ಕೊಡದಿದ್ದರೆ ಆ ಸಿಲಿಂಡರಿನ ಪೆಟ್ರೋಲು ಉರಿಯದೆ ಸೈಲೆನ್ಸರ್ ಪೈಪಿಗೆ ಹೋಗುತ್ತದೆ, ಅಲ್ಲಿ ಬಿಸಿಗೆ ಹೊತ್ತಿಕೊಳ್ಳುತ್ತದೆ. ಆದರೆ ಆ ಕ್ಷಣ ಎಂಜಿನ್ನಿಗೆ ಒಂದು ತಳ್ಳು ಕಡಿಮೆಯಾಗಿರುತ್ತದೆ. ಹಾಗಾಗಿ ಮೊದಲು ಅಲುಗಾಟ, ಆಮೇಲೆ ಸದ್ದು. ಇದನ್ನೇ ಗ್ಯಾರೇಜಿನಲ್ಲಿ 'ಮಿಸ್ಸಿಂಗ್' ಅನ್ನುವುದು. ಅಲುಗದೆ ಬರೀ ಸದ್ದು ಬಂದರೆ ಸಿಲಿಂಡರುಗಳು ತಮ್ಮ ಕೆಲಸ ಮಾಡಿವೆ ಎಂದರ್ಥ. ಆಗ ತೊಂದರೆ ಇಂಧನ ಜಾಸ್ತಿ ಆಗುವುದರಲ್ಲಿ ಅಥವಾ ಪೈಪಿನೊಳಗೆ ಗಾಳಿ ನುಗ್ಗುವುದರಲ್ಲಿ ಇರಬಹುದು.

ಸದ್ದು ಯಾವ ಕಡೆಯಿಂದ ಎಂಬುದೂ ಮುಖ್ಯ. ಏರ್ ಫಿಲ್ಟರ್ ಕಡೆ 'ಟಫ್' ಎಂದರೆ ಪೆಟ್ರೋಲು ಕಡಿಮೆ ಬೀಳುತ್ತಿದೆಯಾ, ಇನ್‌ಟೇಕ್ ವಾಲ್ವ್ ಸರಿಯಾಗಿ ಮುಚ್ಚುತ್ತಿದೆಯಾ, ಪ್ಲಗ್ ವಯರುಗಳು ಅದಲುಬದಲಾಗಿವೆಯಾ ನೋಡಬೇಕು. ನನ್ನದು ಹಿಂದಿನ ಸದ್ದು. ಸಂಶಯವಿದ್ದರೆ ಒಬ್ಬರು ಬಾನೆಟ್ ಹತ್ತಿರ, ಇನ್ನೊಬ್ಬರು ಡಿಕ್ಕಿಯ ಹತ್ತಿರ ನಿಂತು ಕೇಳಿ.

ಮನೆಗೆ ಬಂದು ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಸದ್ದು ಬಂದಾಗಲೆಲ್ಲ ಐದು ಸಂಗತಿ ಬರೆದೆ: ಹೊತ್ತು, ಎಂಜಿನ್ ತಣ್ಣಗಿತ್ತಾ ಬಿಸಿಯಿತ್ತಾ, ಅಲುಗಿತಾ, ಎಸಿ ಹಾಕಿತ್ತಾ, ಹಿಂದಿನ ರಾತ್ರಿ ಕಾರು ಎಲ್ಲಿ ನಿಂತಿತ್ತು. ಮೂರು ವಾರದಲ್ಲಿ 11 ಸಲ ಬಂತು. ಬರೆದದ್ದನ್ನು ಒಟ್ಟಿಗೆ ಓದಿದಾಗ ನನಗೇ ಆಶ್ಚರ್ಯವಾಯಿತು. 4 ಸಲ ಬಂದದ್ದು ಬೆಳಿಗ್ಗೆ, ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ನಿಮಿಷದಲ್ಲಿ, ಎಂಜಿನ್ ಅಲುಗಿದ ಮೇಲೆ. ಆ ನಾಲ್ಕೂ ದಿನ ಕಾರು ಸಮುದ್ರದ ಹತ್ತಿರ ಬಯಲಲ್ಲಿ ನಿಂತಿತ್ತು. ಉಳಿದ 7 ಸಲ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅಲುಗಾಟವಿಲ್ಲದೆ, ಎಸಿ ಇಲ್ಲದಾಗ. ಅದರಲ್ಲಿ ಎರಡು ಸಲ ಸಮುದ್ರದಿಂದ ದೂರದ ಶಿರಸಿಯಲ್ಲೇ.

ಅಂದರೆ ಸದ್ದು ಒಂದೇ, ಕಾಯಿಲೆ ಎರಡು. ಇಷ್ಟು ದಿನ ಇವೆರಡನ್ನೂ ಒಂದೇ ಎಂದುಕೊಂಡು ಹುಡುಕುತ್ತಿದ್ದೆ. ಒಂದಕ್ಕೆ ಮದ್ದು ಮಾಡಿದರೂ ಇನ್ನೊಂದು ಉಳಿಯುತ್ತಿತ್ತು. ಆಗ ಮೊದಲ ಮದ್ದೇ ತಪ್ಪು ಅಂತ ಕೈಬಿಡುತ್ತಿದ್ದೆ.

ಪರೀಕ್ಷೆ ಶುರು ಮಾಡುವ ಮೊದಲು ಒಂದು ಮಾತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದು ಕೊಲ್ಲುತ್ತದೆ. ಎಂಜಿನ್ ಓಡುವಾಗ ಪ್ಲಗ್ ವಯರು ಕೈಯಲ್ಲಿ ಕೀಳಬೇಡಿ. ಅದರಲ್ಲಿ ಹರಿಯುವುದು ಸಾವಿರಾರು ವೋಲ್ಟ್. ನಿಮಗೆ ಹೊಡೆಯುವುದಲ್ಲದೆ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ ಸುಟ್ಟುಹೋಗಬಹುದು. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗೀತು, ಬಟ್ಟೆ ಕೂದಲು ದೂರ ಇರಲಿ.

ಮೊದಲ ಕಾಯಿಲೆ: ಬೆಳಗಿನ ಮಿಸ್ಸಿಂಗ್

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಮಳೆ ಇಲ್ಲದಾಗಲೂ ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ. ಆ ಉಪ್ಪು ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಕೂರುತ್ತದೆ, ರಾತ್ರಿಯ ತೇವ ಅದನ್ನು ಒದ್ದೆ ಮಾಡುತ್ತದೆ. ಒಣ ಪ್ಲಾಸ್ಟಿಕ್ ಕರೆಂಟು ಬಿಡುವುದಿಲ್ಲ, ಉಪ್ಪುನೀರು ಬಿಡುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಬೇರೆ ದಾರಿ ಹಿಡಿಯುತ್ತದೆ. ಎಂಜಿನ್ ಬಿಸಿಯಾಗಿ ತೇವ ಒಣಗಿದ ಮೇಲೆ ಎಲ್ಲ ಸರಿ. ಅದಕ್ಕೇ ಗ್ಯಾರೇಜಿಗೆ ಹೋಗುವಷ್ಟರಲ್ಲಿ ದೋಷ ಮಾಯ.

ಇದನ್ನು ಕಣ್ಣಿಂದಲೇ ನೋಡಬಹುದು. ರಾತ್ರಿ ಕತ್ತಲಲ್ಲಿ ಬಯಲಿನಲ್ಲಿ ಕಾರು ನಿಲ್ಲಿಸಿ, ಬಾನೆಟ್ ತೆಗೆದು ಎಂಜಿನ್ ಓಡಿಸಿ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವಯರು ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಮಂಜಿನಷ್ಟು ನೀರು ಹೊಡೆಯಿರಿ. ಸುರಿಯಬೇಡಿ, ಮಂಜು ಸಾಕು. ನನ್ನ ಕಾರಿನಲ್ಲಿ ಕ್ಯಾಪಿನ ಬುಡದಲ್ಲಿ ನೀಲಿ ಗೆರೆಯೊಂದು ಹರಿದಾಡಿತು, ಎಂಜಿನ್ ತಕ್ಷಣ ಅಲುಗಿತು. ಎರಡು ಸೆಕೆಂಡಿನಲ್ಲಿ 'ಫಟ್'. ಅಷ್ಟು ದಿನ ಕಾಡಿದ್ದು ಕೊನೆಗೂ ಕಣ್ಣೆದುರು ಬಂದಿತ್ತು.

ಎಂಜಿನ್ ಆರಿಸಿ, ವಯರುಗಳಿಗೆ ನಂಬರ್ ಹಾಕಿ, ಕ್ಯಾಪ್ ಬಿಚ್ಚಿದೆ. ಈ ಎಂಜಿನ್ ಕಿಡಿ ಕೊಡುವ ಸರದಿ 1-3-4-2. ನಂಬರ್ ಹಾಕದೆ ಬಿಚ್ಚಿದರೆ ಹೊಸ ತೊಂದರೆ ಹುಟ್ಟುತ್ತದೆ. ಒಳಗೆ ಲೋಹದ ತುದಿಗಳ ಮೇಲೆ ಬಿಳಿ ಹುಡಿ ಕೂತಿತ್ತು. ಎರಡು ತುದಿಗಳ ನಡುವೆ ಪೆನ್ಸಿಲ್ಲಿನಿಂದ ಗೀಚಿದಂಥ ಸಣ್ಣ ಕಪ್ಪು ಗೆರೆ. ಅದೇ ಕಾರ್ಬನ್ ಟ್ರ್ಯಾಕ್. ಕರೆಂಟು ಒಮ್ಮೆ ಆ ದಾರಿ ಮಾಡಿಕೊಂಡರೆ ಒರೆಸಿದರೂ ಮತ್ತೆ ಅಲ್ಲೇ ಹರಿಯುತ್ತದೆ. ಉಜ್ಜಿ ಸರಿಮಾಡಲು ಹೋಗಬೇಡಿ. ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ಎರಡನ್ನೂ ಬದಲಿಸಿ. ಒಳಗೆ ಎಣ್ಣೆ ಕಂಡರೆ ಡಿಸ್ಟ್ರಿಬ್ಯೂಟರ್ ಸೀಲ್ ಹೋಗಿದೆ ಎಂದರ್ಥ. ಅದನ್ನು ಬಿಟ್ಟು ಕ್ಯಾಪ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಪ್ಲಗ್ ವಯರುಗಳ ರೆಸಿಸ್ಟೆನ್ಸನ್ನು ಮೀಟರಿನಲ್ಲಿ ಅಳೆದೆ. ಈ ಜಾತಿಯ ಹೋಂಡಾ ಎಂಜಿನ್ನುಗಳಲ್ಲಿ ಅದು 25 ಕಿಲೋ ಓಮ್ ದಾಟಬಾರದು. ನಾಲ್ಕೂ ಮಿತಿಯೊಳಗೇ ಇದ್ದವು. ಒಂದು ವಯರು ಉಳಿದವಕ್ಕಿಂತ ಬಹಳ ಜಾಸ್ತಿ ತೋರಿಸಿದರೆ, ಮಿತಿಯೊಳಗಿದ್ದರೂ ನಾನಾದರೆ ಅದನ್ನು ಬದಲಿಸುತ್ತೇನೆ. ರಬ್ಬರ್ ಟೋಪಿಗಳ ಒಳಗೆ ಕರೆಂಟು ಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಸವರಿದೆ.

ಅರ್ತ್ ವಯರನ್ನೂ ನೋಡಿ. ಕರಾವಳಿಯಲ್ಲಿ ತಾಮ್ರಕ್ಕೆ ಹಸಿರು ಹಿಡಿಯುವುದು ಎಲ್ಲರಿಗೂ ಗೊತ್ತು. ಹೊರಗಿನಿಂದ ವಯರು ಚೆಂದ ಕಾಣುತ್ತದೆ, ಪ್ಲಾಸ್ಟಿಕ್ ಒಳಗೆ ಹುಡಿಯಾಗಿರುತ್ತದೆ. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ, ಬ್ಯಾಟರಿಯ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ.

ಇಷ್ಟು ಮಾಡಿದ ಮೇಲೆ ಬೆಳಗಿನ ಸದ್ದು ನಿಂತಿತು. ಬಿಸಿಯಾದ ಮೇಲಿನದ್ದು ನಿಲ್ಲಲಿಲ್ಲ.

ಬೇಗ ಬದಿಗಿಟ್ಟವು

ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ದರೆ ದೋಷ ದಿನವೂ ಇರುತ್ತಿತ್ತು, ವಾರಕ್ಕೆರಡು ಸಲ ಅಲ್ಲ. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಕೊಡುವ ಹೊತ್ತು, ತಡವಾಗಿದ್ದರೆ ಉರಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದು ಸದ್ದು ಬರಬಹುದು. ಹಾಗಾಗಿ ಟೈಮಿಂಗ್ ಲೈಟ್ ಹಿಡಿದು ನೋಡಿದೆ, ಗುರುತು ಸರಿಯಾಗಿತ್ತು.

ವಾಲ್ವ್ ಸುಟ್ಟಿದೆಯಾ ಎಂದು ತಿಳಿಯಲು ಸೈಲೆನ್ಸರ್ ಬಾಯಿಗೆ ಪೇಪರಿನ ಪಟ್ಟಿ ಹಿಡಿದೆ. ಅದು ಒಂದೇ ಸಮನೆ ಹೊರಕ್ಕೆ ಹಾರುತ್ತಿತ್ತು. ನಡುನಡುವೆ ಒಳಕ್ಕೆ ಎಳೆದಿದ್ದರೆ ಎಕ್ಸಾಸ್ಟ್ ವಾಲ್ವಿನ ಮೇಲೆ ಸಂಶಯ ಪಡಬೇಕಿತ್ತು. ವಾಲ್ವ್ ಒತ್ತುವ ಟ್ಯಾಪೆಟ್ ತೀರಾ ಬಿಗಿಯಾದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಅದನ್ನೂ ನೋಡಿಸಿದೆ.

ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದವರಿಗೆ ಒಂದು ವಿಷಯ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಸುಮಾರು 300 ಮೀಟರ್ ಮೇಲೆ ಹೋದಂತೆ ಒಂದು ಇಂಚು ಕಮ್ಮಿಯಾಗುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಕಾರವಾರದಲ್ಲಿ 19 ತೋರಿಸಿದ ಕಾರು ಅಲ್ಲಿ 17 ತೋರಿಸಿದರೆ ಗಾಬರಿಯಾಗಬೇಡಿ.

ಕೋನ್ ಫಿಲ್ಟರ್ ಹಾಕಿದವರು ಮೊದಲು ಅದರ ಪೈಪಿನ ಮೇಲೇ ಕಣ್ಣಿಡುತ್ತಾರೆ. ನಿಮ್ಮ ಕಾರಿನಲ್ಲಿ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸಾರ್ ಇದ್ದರೆ ಅದು ಸರಿ. ಅಳತೆಯಾದ ಮೇಲೆ ಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ನನ್ನದರಲ್ಲಿರುವುದು ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್. ಇಲ್ಲಿ ಥ್ರಾಟಲ್‌ಗಿಂತ (ಎಕ್ಸಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಂಚಿನ ಪೈಪು ಸಡಿಲವಾದರೆ ಧೂಳು ಹೋದೀತು, ಮಿಶ್ರಣ ಕೆಡುವುದಿಲ್ಲ. ಥ್ರಾಟಲ್ ದಾಟಿದ ಮೇಲೆ ಲೀಕ್ ಆದರೆ ಸಾಮಾನ್ಯವಾಗಿ ಐಡ್ಲಿಂಗ್ ಏರುತ್ತದೆ ಅಥವಾ ಏರಿಳಿಯುತ್ತದೆ. ನನ್ನ ಕಾರಿನಲ್ಲಿ ಅದೂ ಇರಲಿಲ್ಲ.

ಪೆಟ್ರೋಲಿನ ವಿಷಯವನ್ನೂ ಯೋಚಿಸಿದೆ. ಕಾರವಾರದವರು ಮಾಜಾಳಿ ದಾಟಿ ಗೋವಾದ ಪೋಳೆಂನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಇದ್ದದ್ದೇ. ಎರಡೂ ಕಡೆಯ ಪೆಟ್ರೋಲ್ ಹಾಕಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. 2023ರಿಂದ ಪಂಪುಗಳಿಗೆ ಬರತೊಡಗಿದ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ, ಎಥನಾಲ್ ನೀರು ಹೀರುತ್ತದೆ. ಮಳೆಗಾಲವಿಡೀ ನಿಲ್ಲಿಸಿದ ಕಾರಾದರೆ ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು, ಅಡಿಯಲ್ಲಿ ಬೇರೆ ಪದರ ಕೂರುತ್ತದಾ ನೋಡಿ. ನನ್ನದು ದಿನವೂ ಓಡುವ ಕಾರು, ಅದನ್ನು ಬಿಟ್ಟೆ.

ಎರಡನೇ ಕಾಯಿಲೆ: ಬಿಸಿಯಾದ ಮೇಲೆ, ಅಲುಗದೆ

ನಾಲ್ಕೂ ಪ್ಲಗ್ ಬಿಚ್ಚಿದೆ. ನಾಲ್ಕರ ಮೇಲೂ ಒಣ ಕಪ್ಪು ಮಸಿ. ಒಂದರ ಮೇಲೆ ಮಾತ್ರ ಇದ್ದಿದ್ದರೆ ಆ ಸಿಲಿಂಡರ್ ನೋಡಬೇಕಿತ್ತು. ನಾಲ್ಕರ ಮೇಲೂ ಇದೆ ಎಂದರೆ ಇಡೀ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಪೆಟ್ರೋಲ್ ಎಷ್ಟು ಎಂದು ನಿರ್ಧರಿಸುವುದು ಇಸಿಯು. ಅದಕ್ಕೆ ತಪ್ಪು ಸುದ್ದಿ ಕೊಡುತ್ತಿರುವವರು ಯಾರು?

ತಣ್ಣಗಿದ್ದಾಗ ಸದ್ದಿಲ್ಲ, ಬಿಸಿಯಾದ ಮೇಲೆ ಇದೆ. ಇದೇ ಸುಳಿವು. ಎಂಜಿನ್ ತಣ್ಣಗಿರುವಾಗ ಇಸಿಯು, ಹೊಗೆಯ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸಾರಿನ ಮಾತು ಕೇಳುವುದಿಲ್ಲ, ತನ್ನ ನೆನಪಿನಲ್ಲಿರುವ ಲೆಕ್ಕದಂತೆ ಪೆಟ್ರೋಲ್ ಕೊಡುತ್ತದೆ. ಸೆನ್ಸಾರೂ ಎಂಜಿನ್ನೂ ಬಿಸಿಯಾದ ಮೇಲೆ ಕೇಳತೊಡಗುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಕಂಡರೆ 'ಪೆಟ್ರೋಲ್ ಸಾಲುತ್ತಿಲ್ಲ' ಎಂದು ತಿಳಿದು ಇನ್ನಷ್ಟು ಹಾಕುತ್ತದೆ.

ಈ ಸೆನ್ಸಾರ್ ಕೊಡುವ ವೋಲ್ಟೇಜು 0.1ರಿಂದ 0.9ರವರೆಗೆ ಮೇಲೆ ಕೆಳಗೆ ಆಡುತ್ತಿರಬೇಕು. ಕಡಿಮೆ ಎಂದರೆ ಆಕ್ಸಿಜನ್ ಜಾಸ್ತಿ, ಮೇಲಿದ್ದರೆ ಪೆಟ್ರೋಲ್ ಜಾಸ್ತಿ. ಡಿಜಿಟಲ್ ಮೀಟರೇ ಬಳಸಿ, ಟೆಸ್ಟ್ ಲ್ಯಾಂಪ್ ಬೇಡ. ವಯರಿನ ಪ್ಲಾಸ್ಟಿಕ್ಕಿಗೆ ಪಿನ್ನು ಚುಚ್ಚಬೇಡಿ. ಕನೆಕ್ಟರಿನ ಹಿಂಬದಿಯಿಂದ ತೂರಿಸಿ. ಚುಚ್ಚಿದ ತೂತಿನಿಂದ ಉಪ್ಪು ಗಾಳಿ ಹೋಗಿ ಆರು ತಿಂಗಳಲ್ಲಿ ವಯರು ಹಸಿರಾಗುತ್ತದೆ.

ಎಂಜಿನ್ ನಿಮಿಷಕ್ಕೆ 2500 ಸುತ್ತಿನಲ್ಲಿದ್ದಾಗ ವೋಲ್ಟೇಜು ಚೆನ್ನಾಗಿ ಆಡುತ್ತಿತ್ತು. ಐಡ್ಲಿಂಗಿಗೆ ಇಳಿದ ಕೂಡಲೇ 0.1ರ ಹತ್ತಿರ ಅಂಟಿಕೊಂಡಿತು. ಪ್ಲಗ್ಗಿನ ಮೇಲೆ ಮಸಿ, ಸೆನ್ಸಾರ್ ಮಾತ್ರ ಪೆಟ್ರೋಲ್ ಕಡಿಮೆ ಎನ್ನುತ್ತಿದೆ. ಎರಡೂ ಒಟ್ಟಿಗೆ ನಿಜವಾಗಲು ಒಂದೇ ದಾರಿ: ಎಂಜಿನ್ ಬಿಟ್ಟ ಹೊಗೆಗೆ ಸೆನ್ಸಾರ್ ತಲುಪುವ ಮೊದಲು ಹೊರಗಿನ ಗಾಳಿ ಸೇರುತ್ತಿರಬೇಕು.

ಎಕ್ಸಾಸ್ಟ್ ಲೀಕ್ ಎಂದರೆ ಹೊಗೆ ಹೊರಗೆ ಬರುವುದು ಎಂದೇ ನಾವು ತಿಳಿದಿರುತ್ತೇವೆ, ಅಲ್ವಾ? ಗಾಳಿ ಒಳಗೂ ಹೋಗುತ್ತದೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಸಮುದ್ರದ ಅಲೆ ದಡಕ್ಕೆ ಹೊಡೆದು ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವ ಹಾಗೆ, ಪ್ರತಿ ಅಲೆಯ ಹಿಂದೆ ಪೈಪಿನಲ್ಲಿ ಒತ್ತಡ ಇಳಿದು ಬಿರುಕಿನಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. 750 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನಿಂದ ಸೆಕೆಂಡಿಗೆ 25 ಅಲೆ. 3000 ಸುತ್ತಿನಲ್ಲಿ 100. ವೇಗ ಹೆಚ್ಚಿದಾಗ ಹೊಗೆಯ ಪ್ರಮಾಣ ಎಷ್ಟೋ ಜಾಸ್ತಿ, ನುಗ್ಗಿದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಓಡುವಾಗ ತೊಂದರೆ ಇರಲಿಲ್ಲ. ಎಸಿ ಹಾಕಿದಾಗ ಎಂಜಿನ್ ಮೇಲೆ ಭಾರ ಬಿದ್ದು ಹೊಗೆಯೂ ಹೆಚ್ಚುತ್ತದೆ, ಆಗಲೂ ಸದ್ದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕೆಲ್ಲ ಈಗ ಅರ್ಥ ಸಿಕ್ಕಿತು. ಜಾಸ್ತಿಯಾದ ಪೆಟ್ರೋಲು, ನುಗ್ಗಿದ ಗಾಳಿ, ಬಿಸಿ ಪೈಪು. ಮೂರೂ ಹದವಾಗಿ ಸೇರಿದ ಕ್ಷಣಕ್ಕೆ 'ಫಟ್'.

ಊಹೆ ಸರಿಯೇ ಎಂದು ಪರೀಕ್ಷಿಸಲು ಸೆನ್ಸಾರ್ ಕನೆಕ್ಟರ್ ಕಿತ್ತು, ಬಿಸಿ ಎಂಜಿನ್ನನ್ನು ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ಬಿಟ್ಟೆ. ಚೆಕ್ ಎಂಜಿನ್ ದೀಪ ಹತ್ತಿತು, ಅದು ಸಹಜ. ಸದ್ದು ಒಂದೂ ಬರಲಿಲ್ಲ. ಇದು ಪರೀಕ್ಷೆ ಮಾತ್ರ, ಸೆನ್ಸಾರ್ ಕಿತ್ತೇ ಓಡಿಸುವುದು ಪರಿಹಾರವಲ್ಲ. ಹೊಸ ಸೆನ್ಸಾರ್ ತರಲೂ ಓಡಬೇಡಿ. ಮತ್ತೆ ಜೋಡಿಸಿ, ಗಾಳಿ ಒಳಹೋಗುವ ಇನ್‌ಟೇಕ್ ಬಾಯಿಗೆ, ಪೆಟ್ರೋಲಿನಂತೆ ಉರಿಯುವ ಕಾರ್ಬ್ ಕ್ಲೀನರ್ ಸ್ವಲ್ಪವೇ ಹೊಡೆದೆ. ವೋಲ್ಟೇಜು ಥಟ್ಟನೆ 0.8ಕ್ಕೆ ಏರಿತು. ಅಂದರೆ ಸೆನ್ಸಾರ್ ಜೀವಂತವಾಗಿದೆ. ಅದು ತನಗೆ ಕಂಡ ಸತ್ಯವನ್ನೇ ಹೇಳುತ್ತಿತ್ತು. ಹೊಸ ಕಾರುಗಳಲ್ಲಿ ಇಷ್ಟು ಕಷ್ಟವಿಲ್ಲ. ಇಸಿಯುವಿನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಎಂಬ ಲೆಕ್ಕ, ನೋಡಿ. ಐಡ್ಲಿಂಗ್‌ನಲ್ಲಿ ಅದು 10 ಶೇಕಡಾಕ್ಕಿಂತ ಮೇಲೇರಿ, ವೇಗ ಹೆಚ್ಚಿಸಿದಾಗ ಇಳಿದರೆ ಗಾಳಿ ಎಲ್ಲೋ ಸೇರುತ್ತಿದೆ. ಪ್ಲಗ್ ಕಪ್ಪಾಗಿದ್ದರೆ ಎಕ್ಸಾಸ್ಟ್ ಕಡೆ ಹುಡುಕಿ, ಬೆಳ್ಳಗಿದ್ದರೆ ಇನ್‌ಟೇಕ್ ಕಡೆ.

ಲೀಕ್ ಜಾಗ ಕಂಡುಹಿಡಿಯಲು ಮನೆಯ ವ್ಯಾಕ್ಯೂಮ್ ಕ್ಲೀನರ್ ಸಾಕು. ಎಂಜಿನ್ ಪೂರ್ತಿ ತಣ್ಣಗಾಗಲಿ. ಕ್ಲೀನರಿನ ಪೈಪನ್ನು ಗಾಳಿ ಊದುವ ಬದಿಗೆ ಹಾಕಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಹೆಡರಿನ ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ. ನಾಲ್ಕನೇ ಸಿಲಿಂಡರಿನ ಫ್ಲೇಂಜಿನ (ಹೆಡರನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಅಂಚು) ಅಡಿಯಲ್ಲಿ ಗುಳ್ಳೆಗಳು ಎದ್ದವು. ಕನ್ನಡಿ ಹಿಡಿದು ನೋಡಿದರೆ ಅಲ್ಲೊಂದು ಮಸಿಯ ಗೆರೆ. ಅದು ಮೊದಲಿನಿಂದಲೂ ಅಲ್ಲಿತ್ತು. ಮೇಲಿಂದ ನೋಡಿದವರಿಗೆ ಕಾಣುತ್ತಿರಲಿಲ್ಲ.

ಹೆಡರ್ ಇಳಿಸಿ, ಫ್ಲೇಂಜಿನ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ನೋಡಿದೆ. ನಾಲ್ಕನೆಯದರ ಬದಿಯಲ್ಲಿ ಸಂದು ಅಳೆಯುವ 0.4 ಮಿಲಿಮೀಟರಿನ ಫೀಲರ್ ಗೇಜ್ ಸಲೀಸಾಗಿ ತೂರಿತು. ಫ್ಲೇಂಜ್ ಸೊಟ್ಟಗಾಗಿತ್ತು. ಸೊಟ್ಟಗಾದದ್ದು ಯಾಕೆ ಎಂಬುದೇ ಮುಖ್ಯ. ಹೆಡರ್ ಹಾಕಿಸಿದ ದಿನ, ಪೈಪಿನ ಭಾರ ಹೊರುವ ಕೆಳಗಿನ ಬ್ರಾಕೆಟ್ ಹೊಸ ಹೆಡರಿಗೆ ಹೊಂದುವುದಿಲ್ಲ ಎಂದು ಬಿಟ್ಟಿದ್ದೆವು. ನಾನೇ 'ಇರಲಿ ಬಿಡಿ' ಎಂದಿದ್ದೆ. ಗ್ಯಾಸ್ಕೆಟ್ ಕೂಡ ಹಳೆಯದನ್ನೇ ಹಾಕಿತ್ತು. ಅಂದಿನಿಂದ ಪ್ರತಿ ಹಂಪಿನಲ್ಲೂ, ಘಾಟಿಯ ಪ್ರತಿ ಹೊಂಡದಲ್ಲೂ ಇಡೀ ಪೈಪಿನ ಭಾರ ಆ ಫ್ಲೇಂಜಿನ ಮೇಲೆ ಜೋತಾಡಿದೆ. ಮಾರ್ಪಡಿಸಿದ ಕಾರಿನಲ್ಲಿ ದೋಷ ಬಂದರೆ ಕಂಪನಿ ಮಾಡಿದ್ದಕ್ಕಿಂತ ಮೊದಲು ನಾವು ಮುಟ್ಟಿದ ಜಾಗಗಳನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ರಿಪೇರಿ ದೊಡ್ಡದಲ್ಲ. ಲೇತ್ ಶಾಪಿನಲ್ಲಿ ಫ್ಲೇಂಜಿನ ಮುಖ ಸಮ ಮಾಡಿಸಿದೆ. ಹೊಸ ಗ್ಯಾಸ್ಕೆಟ್, ಹೊಸ ನಟ್ಟುಗಳು. ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಆಚೆ ಈಚೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಬೇಕು, ಒಂದೇ ಬದಿಯಿಂದ ಅಲ್ಲ. ಬ್ರಾಕೆಟ್ ಹೊಂದುವಂತೆ ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಆದರೆ ಆ ಭಾಗವನ್ನೇ ಕಾರಿನಿಂದ ಇಳಿಸಿ ಮಾಡಿಸುವುದು ಇನ್ನೂ ಒಳ್ಳೆಯದು. ಇಸಿಯುವಿನ ಬ್ಯಾಕಪ್ ಫ್ಯೂಸ್ ಕೆಲ ಹೊತ್ತು ತೆಗೆದಿಟ್ಟು ಹಾಕಿದೆ, ಹಳೆಯ ಕೋಡ್ ಅಳಿಯಿತು.

ಈಗ ಐಡ್ಲಿಂಗ್‌ನಲ್ಲೂ ಸೆನ್ಸಾರ್ ವೋಲ್ಟೇಜು ಆಡುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಪ್ಲಗ್ ಬಿಚ್ಚಿದೆ, ಮಸಿ ಹೋಗಿ ತಿಳಿ ಕಂದು ಬಣ್ಣ ಬಂದಿದೆ. ಅದೇ ದಿನ, ಎಂಜಿನ್ ತಣ್ಣಗಿದ್ದಾಗ, ಹೆಡರ್ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿದೆ. ಎರಡು ನಟ್ಟು ಕಾಲು ಸುತ್ತು ಸಡಿಲಾಗಿದ್ದವು. ಹೊಸ ಗ್ಯಾಸ್ಕೆಟ್ ಬಿಸಿಗೆ ಕೂತ ಮೇಲೆ ಹೀಗಾಗುವುದು ಸಹಜ, ನೀವೂ ಇದನ್ನು ಮರೆಯಬೇಡಿ. ನೋಟ್‌ಬುಕ್ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇದೆ. ಹನ್ನೊಂದರ ನಂತರದ ಸಾಲು ಖಾಲಿ.